ಮೋಟಾರು ನಾದದ ಪೂರ್ವೋತ್ತರ

ಬೆಂಗಳೂರಿನ ಪುರಭವನದ ಬಳಿಯಿಂದ ಹೊರಟು ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯಲ್ಲಿ, ಮೋಟಾರಿನ ಬಿಡಿಭಾಗಗಳನ್ನೂ ಅಲಂಕಾರ ಸಾಮಗ್ರಿಗಳನ್ನೂ ಮಾರುವ ಅಂಗಡಿಗಳ ಸಾಲಿನ ಮುಂದೆ, ನಾಲ್ಕು ಬಾಗಿಲುಗಳನ್ನೂ ತೆರೆದುಕೊಂಡು, ಆಸನಗಳನ್ನು ಕಳಚಿಸಿಕೊಂಡು, ನೆಲದ ಜಮಖಾನವನ್ನು ಮಡಿಚಿಸಿಕೊಂಡು ನಿಂತಿರುವ ಕಾರು ಕಣ್ಣಿಗೆ ಬೀಳದ ದಿನ ಅಪರೂಪ. ಡಿಕ್ಕಿಯಲ್ಲಿ ಸಬ್‌ವೂಫರನ್ನೂ ಅದನ್ನು ನುಡಿಸುವ ಆಂಪ್ಲಿಫೈಯರನ್ನೂ ಕೂರಿಸುವ ಈ ವಿದ್ಯೆಯನ್ನು ಹೊಸದಾಗಿ ಕಲಿಯಬಂದ ಹುಡುಗನಿಗೆ ಹಿರಿಯ ಕೆಲಸಗಾರನು ಮೊದಲ ದಿನವೇ ಹೇಳಿಕೊಡುವ ನಿಯಮಗಳು ಕೆಲವುಂಟು: ಬ್ಯಾಟರಿಯಿಂದ ಬರುವ ದಪ್ಪ ಕೆಂಪು ತಂತಿಯನ್ನು ಕಾರಿನ ಒಂದು ಮಗ್ಗುಲಿನಲ್ಲಿಯೂ ಸಂಗೀತವನ್ನು ಹೊತ್ತುತರುವ ಸಣ್ಣ ತಂತಿಯನ್ನು ಇನ್ನೊಂದು ಮಗ್ಗುಲಿನಲ್ಲಿಯೂ ಎಳೆಯಬೇಕು, ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಇಡಬೇಕು, ಅರ್ತಿಂಗಿನ ತುದಿಯನ್ನು ಬಿಗಿಯುವ ಮುನ್ನ ಬಣ್ಣವನ್ನು ಕೆರೆದು ತಗಡನ್ನು ಬಯಲುಮಾಡಬೇಕು, ನೀಲಿ ತಂತಿಯನ್ನು ಮರೆಯಬಾರದು. ಏಕೆ ಹೀಗೆ ಎಂದು ಹುಡುಗನು ಕೇಳಿದರೆ, ಇಲ್ಲದಿದ್ದರೆ ಕುಂಯ್‌ಗುಡುತ್ತದೆ ಎಂದೋ, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ ಎಂದೋ ಎರಡು ಮಾತಿನ ಉತ್ತರ ದೊರೆಯುತ್ತದೆ. ಉತ್ತರ ಸರಿಯಾದುದೇ. ಆದರೆ ಆ ಎರಡು ಮಾತುಗಳ ಹಿಂದೆ ಸುಮಾರು ಒಂದು ಶತಮಾನದ ಚರಿತ್ರೆಯಿದೆ. ಕಾರಿನ ಬ್ಯಾಟರಿಯ ವೋಲ್ಟೇಜಿನ ಬಡತನದೊಡನೆಯೂ ಅದರ ಎಂಜಿನ್ನಿನ ಗದ್ದಲದೊಡನೆಯೂ ಸಂಗೀತಪ್ರಿಯರು ನಡೆಸಿಕೊಂಡು ಬಂದ ಹೋರಾಟವೇ ಆ ಚರಿತ್ರೆ. ಇಂದಿನ ಕೆಲಸಗಾರನ ಕೈಯಲ್ಲಿ ಅಭ್ಯಾಸವಾಗಿ ನಿಂತಿರುವ ಒಂದೊಂದು ನಿಯಮವೂ ಆ ಹೋರಾಟದಲ್ಲಿ ಎಲ್ಲಿಯೋ ಯಾರೋ ಬೆವರು ಸುರಿಸಿ ಗೆದ್ದುಕೊಂಡ ಫಲವೆಂಬುದು ನನ್ನ ನಂಬಿಕೆ.

ಮೋಟಾರಿನೊಳಗೆ ರೇಡಿಯೋವನ್ನು ನುಡಿಸುವ ಬಿಡಿ ಪ್ರಯತ್ನಗಳು ಅಮೆರಿಕದಲ್ಲಿ 1920ರ ದಶಕದಲ್ಲಿಯೇ ನಡೆದಿದ್ದುವು. ಅದನ್ನು ಅಂಗಡಿಯಲ್ಲಿ ಮಾರುವ ಪದಾರ್ಥವನ್ನಾಗಿ ಮಾಡಿ ಜನರಲ್ಲಿ ಬಳಕೆಗೆ ತಂದ ಕೀರ್ತಿಯ ಬಹುಪಾಲು ಶಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಮತ್ತು ಜೋಸೆಫ್ ಗ್ಯಾಲ್ವಿನ್ ಸಹೋದರರಿಗೆ ಸಲ್ಲತಕ್ಕದ್ದು. 1928ರಲ್ಲಿ ಅವರು ಸ್ಥಾಪಿಸಿದ ಕಾರ್ಖಾನೆಯ ಮೊದಲ ಉತ್ಪನ್ನ, ಬ್ಯಾಟರಿಯಿಂದ ನಡೆಯುತ್ತಿದ್ದ ಮನೆಯ ರೇಡಿಯೋಗಳನ್ನು ಗೋಡೆಯ ವಿದ್ಯುತ್ತಿನಿಂದ ನಡೆಯುವಂತೆ ಮಾಡುವ ಒಂದು ಪೆಟ್ಟಿಗೆ. ಗೋಡೆಯ ವಿದ್ಯುತ್ತಿಗೆ ನೇರವಾಗಿ ಹೊಂದುವ ರೇಡಿಯೋಗಳೇ ಮಾರುಕಟ್ಟೆಗೆ ಬಂದಾಗ ಆ ಪೆಟ್ಟಿಗೆಗೆ ಬೇಡಿಕೆ ತಪ್ಪಿತು. ಮರುವರ್ಷದ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು ದೇಶಕ್ಕೆ ದೇಶವೇ ದಾರಿದ್ರ್ಯದ ದವಡೆಗೆ ಬಿತ್ತು. ಇಂತಹ ಸಂಕಷ್ಟದಲ್ಲಿ, ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ಮೊದಲಾದ ತರುಣರ ನೆರವಿನಿಂದ, ಪಾಲ್ ಗ್ಯಾಲ್ವಿನ್ ತನ್ನ ಸ್ಟುಡಿಬೇಕರ್ ಕಾರಿಗೆ ಒಂದು ರೇಡಿಯೋವನ್ನು ಕೂರಿಸಿ, 1930ರ ಜೂನ್ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನೆರೆದಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಸಾವಿರಕ್ಕೂ ಮಿಕ್ಕ ಕಿಲೋಮೀಟರು ದೂರವನ್ನು ಅದರಲ್ಲಿಯೇ ಕ್ರಮಿಸಿ ಹೋದನು. ಒಳಗೆ ಮಳಿಗೆ ಹಿಡಿಯುವಷ್ಟು ಹಣ ಕೈಯಲ್ಲಿರಲಿಲ್ಲವಾಗಿ ಕಾರನ್ನು ಹೊರಗೇ ನಿಲ್ಲಿಸಿ, ರೇಡಿಯೋವನ್ನು ಗಟ್ಟಿಯಾಗಿ ನುಡಿಸಿ, ಹೋಗಿಬರುವವರನ್ನು ಕರೆದು ಕೇಳಿಸಿದನು. ಆ ರೇಡಿಯೋವೇ ಮೊದಲ ಮೋಟರೋಲಾ. 1947ರಲ್ಲಿ ಸಂಸ್ಥೆಯೂ ಅದೇ ಹೆಸರನ್ನು ತಳೆಯಿತು. ಬೆಲೆ ಸುಮಾರು 120 ಡಾಲರು, ಎಂದರೆ ಅಂದಿನ ಅಗ್ಗದ ಕಾರೊಂದರ ಬೆಲೆಯಲ್ಲಿ ಐದರಲ್ಲೊಂದು ಪಾಲಿಗೆ ಹತ್ತಿರ.

ಇಂತಹ ರೇಡಿಯೋವನ್ನು ಕಾರಿಗೆ ಜೋಡಿಸುವುದು ಆಗಿನ ಕಾಲಕ್ಕೆ ಒಂದು ಶಸ್ತ್ರಚಿಕಿತ್ಸೆಯೇ ಸರಿ. ಡ್ಯಾಶ್‌ಬೋರ್ಡನ್ನು ಕೊಯ್ಯಬೇಕು, ಮೇಲ್ಛಾವಣಿಯ ಒಳಬಟ್ಟೆಯನ್ನು ಬಿಚ್ಚಿ ಅದರೊಳಗೆ ಏರಿಯಲ್ಲಿನ ತಂತಿಯನ್ನು ಹಾಸಿ ಮತ್ತೆ ಹೊಲಿಯಬೇಕು, ನೆಲದ ಹಲಗೆಯಲ್ಲಿ ಗುಂಡಿ ಕೊರೆದು ಬೇರೆ ಬ್ಯಾಟರಿಗಳಿಗೆ ಅಲ್ಲಿ ಪೆಟ್ಟಿಗೆ ಮಾಡಬೇಕು. ಈ ಬೇರೆ ಬ್ಯಾಟರಿಗಳೇಕೆ ಎಂಬಲ್ಲಿಯೇ ನಮ್ಮ ಕಥೆಯ ಬೀಜವಿರುವುದು. ಅಂದಿನ ರೇಡಿಯೋದ ಪ್ರಾಣವೆನಿಸಿದ್ದ ವಾಲ್ವುಗಳೆಂಬ ಗಾಜಿನ ನಿರ್ವಾತನಾಳಗಳಿಗೆ ತಂತುವನ್ನು ಕೆಂಪಗೆ ಕಾಯಿಸಲು ಆರು ವೋಲ್ಟು ಸಾಕಾದರೂ, ಎಲೆಕ್ಟ್ರಾನುಗಳನ್ನು ಅಲ್ಲಿಂದ ಎದುರಿನ ತಗಡಿಗೆ ಎಳೆದುಕೊಳ್ಳಲು ನೂರು ಇನ್ನೂರು ವೋಲ್ಟುಗಳ ಒತ್ತಡ ಅವಶ್ಯಕವಾಗಿತ್ತು. ಕಾರಿನ ಬ್ಯಾಟರಿಯೋ ಆರೇ ವೋಲ್ಟಿನದು. ತೊಟ್ಟಿಯಲ್ಲಿ ನೀರು ಎಷ್ಟು ಹೇರಳವಾಗಿದ್ದರೂ ತೊಟ್ಟಿಗೆ ಎತ್ತರವಿಲ್ಲದಿದ್ದರೆ ಮಹಡಿಯ ನಲ್ಲಿಗೆ ಅದು ಹೇಗೆ ಹತ್ತಲಾರದೋ, ಹಾಗೆಯೇ ಕರೆಂಟು ಧಾರಾಳವಾಗಿದ್ದರೂ ಆ ಬ್ಯಾಟರಿಯಿಂದ ವಾಲ್ವಿಗೆ ಪ್ರಯೋಜನವಾಗುತ್ತಿರಲಿಲ್ಲ. ಆದುದರಿಂದ 45 ವೋಲ್ಟಿನ ಒಣ ಬ್ಯಾಟರಿಗಳನ್ನು ಒಂದಕ್ಕೊಂದು ಸೇರಿಸಿ ಕಾಲಡಿಯಲ್ಲಿ ಹೂಳಬೇಕಾಯಿತು. ಅವು ಬರಿದಾದಾಗ ಹಣ ತೆತ್ತು ಹೊಸವನ್ನು ತರಬೇಕು. ಸಾಲ ಕೇಳಲು ಹೋದ ಗ್ಯಾಲ್ವಿನ್ ಬ್ಯಾಂಕಿನ ಅಧಿಕಾರಿಯ ಪ್ಯಾಕಾರ್ಡ್ ಕಾರಿಗೇ ಒಂದು ರೇಡಿಯೋವನ್ನು ಜೋಡಿಸಿಕೊಟ್ಟನೆಂದೂ, ಸ್ವಲ್ಪ ಹೊತ್ತಿಗೆ ಆ ಕಾರಿಗೆ ಬೆಂಕಿ ಹತ್ತಿತೆಂದೂ ಹೇಳುವ ಕಥೆಯೊಂದು ಈ ವೃತ್ತಿಯವರಲ್ಲಿ ಇಂದಿಗೂ ಪ್ರಚಲಿತವಾಗಿದೆ. ಬ್ಯಾಟರಿಯ ಪಕ್ಕದ ಫ್ಯೂಸಿಗೆ ಅವರು ಕೊಡುವ ಗೌರವವನ್ನು ನೋಡಿದರೆ ಆ ಕಥೆ ಏಕೆ ಬದುಕಿ ಉಳಿದಿದೆ ಎಂಬುದು ತಿಳಿಯುತ್ತದೆ.

ಗದ್ದಲದ ಸಂಗತಿ ಇನ್ನೊಂದು. ಪೆಟ್ರೋಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಿದಾಗಲೆಲ್ಲ ಸುತ್ತಣ ಆಕಾಶದಲ್ಲಿ ಒಂದು ಸಣ್ಣ ರೇಡಿಯೋ ತರಂಗ ಹುಟ್ಟುತ್ತದೆ. ಮಾರ್ಕೋನಿಯ ಕಾಲದ ಪ್ರಸಾರಯಂತ್ರಗಳು ಕೆಲಸ ಮಾಡುತ್ತಿದ್ದುದೂ ಕಿಡಿಯಿಂದಲೇ. ಎಂದ ಮೇಲೆ ಚಲಿಸುವ ಪ್ರತಿಯೊಂದು ಕಾರೂ ತನ್ನ ರೇಡಿಯೋದ ಮೊಳದಳತೆಯಲ್ಲಿ ಒಂದು ಪ್ರಸಾರ ಕೇಂದ್ರವನ್ನು ಹೊತ್ತುಕೊಂಡೇ ಓಡಾಡುತ್ತಿತ್ತು. ಪ್ಲಗ್ಗುಗಳ ತಂತಿಗೆ ಸುಮಾರು ಹತ್ತು ಸಾವಿರ ಓಮುಗಳ ರೋಧಕಗಳನ್ನು ಸೇರಿಸಿ, ಡೈನಮೋದ ಬಾಯಿಗೆ ಕಂಡೆನ್ಸರನ್ನು ಕಟ್ಟಿ, ಬಾನೆಟ್ಟನ್ನೂ ಚಾಸಿಯನ್ನೂ ಹೆಣೆದ ತಾಮ್ರದ ಪಟ್ಟಿಗಳಿಂದ ಒಂದಕ್ಕೊಂದು ಬಂಧಿಸಿ ಆ ಕಾಲದ ಜೋಡಣೆಗಾರರು ಈ ಸದ್ದನ್ನು ಒಂದೊಂದೇ ಎಳೆಯಾಗಿ ಹಿಡಿದು ಅಡಗಿಸಿದರು. ಪುಸ್ತಕದಲ್ಲಿ ಓದಿ ಕಲಿತ ವಿದ್ಯೆಯಲ್ಲ ಅದು. ಕಾರನ್ನು ನಿಲ್ಲಿಸಿ, ಎಂಜಿನ್ನನ್ನು ನಡೆಸಿ, ಕಿವಿಗೊಟ್ಟು, ಒಂದು ತಂತಿಯನ್ನು ಸರಿಸಿ ಮತ್ತೆ ಕಿವಿಗೊಟ್ಟು ಸಂಪಾದಿಸಿದ ಜ್ಞಾನ.

ಒಣ ಬ್ಯಾಟರಿಗಳ ಕಾಟವನ್ನು ತಪ್ಪಿಸಿದುದು 1930ರ ದಶಕದ ಮೊದಲ ವರ್ಷಗಳಲ್ಲಿ ಬಳಕೆಗೆ ಬಂದ ವೈಬ್ರೇಟರ್ ಎಂಬ ಅಂಗ. ನೋಡಲು ಅದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ತಗಡಿನ ಡಬ್ಬಿ. ಡಬ್ಬಿಯನ್ನು ಬಿಚ್ಚಿದರೆ ಒಳಗೆ ಒಂದು ಉಕ್ಕಿನ ನಾಲಿಗೆ, ಅದರ ಒಂದು ಪಕ್ಕದಲ್ಲಿ ಸಣ್ಣ ವಿದ್ಯುತ್ಕಾಂತ, ಎರಡೂ ಮಗ್ಗುಲಿಗೆ ಲೋಹದ ಸಂಪರ್ಕಬಿಂದುಗಳು. ಕರೆಂಟು ಹರಿದೊಡನೆ ಕಾಂತವು ನಾಲಿಗೆಯನ್ನು ಎಳೆಯುತ್ತದೆ; ನಾಲಿಗೆ ಸರಿದೊಡನೆ ಕಾಂತಕ್ಕೆ ಹೋಗುವ ಕರೆಂಟು ಕಡಿಯುತ್ತದೆ; ನಾಲಿಗೆ ತನ್ನ ಬಿಗುವಿನಿಂದಲೇ ಹಿಂದಕ್ಕೆ ಚಿಮ್ಮುತ್ತದೆ; ಮತ್ತೆ ಸಂಪರ್ಕ, ಮತ್ತೆ ಸೆಳೆತ. ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಹೀಗೆ ತುಯ್ದಾಡುತ್ತ ಅದು ಬ್ಯಾಟರಿಯ ನೇರ ಪ್ರವಾಹವನ್ನು ತುಂಡುತುಂಡಾಗಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿನ ಎರಡು ಪಕ್ಕಗಳಿಗೆ ಸರದಿಯಂತೆ ಹಂಚುತ್ತಿತ್ತು. ನೇರ ಪ್ರವಾಹಕ್ಕೆ ಸರ್ವಥಾ ಮಣಿಯದ ಟ್ರಾನ್ಸ್‌ಫಾರ್ಮರು ಈ ತುಂಡು ಪ್ರವಾಹಕ್ಕೆ ಮಣಿದು ಆರು ವೋಲ್ಟನ್ನು ಇನ್ನೂರು ಇನ್ನೂರೈವತ್ತು ವೋಲ್ಟುಗಳಿಗೆ ಏರಿಸಿಕೊಡುತ್ತಿತ್ತು. ರೇಡಿಯೋವನ್ನು ಚಾಲೂ ಮಾಡಿದೊಡನೆ, ವಾಲ್ವುಗಳು ಕಾದು ಸಂಗೀತ ಹೊರಡುವುದಕ್ಕೆ ಮುಂಚೆ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಕೇಳಿಬರುತ್ತಿದ್ದ ಝೇಂಕಾರವು ಈ ನಾಲಿಗೆಯದು. ಸಂಪರ್ಕಬಿಂದುಗಳು ಸುಟ್ಟು ಸವೆದು ಈ ಅಂಗ ಪದೇಪದೇ ಕೆಡುತ್ತಿದ್ದುದು ನಿಜ. ಆದರೂ, ಕತ್ತರಿಸಿ ಏರಿಸುವ ಅದರ ತತ್ತ್ವ ಮುಂದೆ ಹೇಗೆ ಮರುಜನ್ಮ ತಾಳಿತೆಂಬುದನ್ನು ಬಲ್ಲ ನನಗೆ, ಈ ಕಸುಬಿನ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಉಪಕರಣ ಬೇರೊಂದಿಲ್ಲವೆಂದೇ ತೋರುತ್ತದೆ.

ಯೂರೋಪಿನಲ್ಲಿ ಕಾರಿಗೆ ರೇಡಿಯೋ ಒದಗಿಸುವ ಕಾರ್ಯವನ್ನು ಮೊದಲು ಕೈಗೊಂಡುದು ಜರ್ಮನಿಯ ಬ್ಲಾಪುಂಕ್ಟ್. 1932ರಲ್ಲಿ ಹೊರಬಂದ ಅವರ ಮೊದಲ ಕಾರು ರೇಡಿಯೋದ ಬೆಲೆ 465 ಮಾರ್ಕುಗಳು. ಆ ಸಂಸ್ಥೆಯನ್ನು ಮರುವರ್ಷವೇ ಬಾಷ್ ಕೊಂಡುಕೊಂಡಿತು. ಅದೇ ಬಾಷ್ ಮನೆತನದ ಕೂಸಾದ ಮೈಕೋ ಕಾರ್ಖಾನೆ 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸತೊಡಗಿತು. ಕಿಡಿಯನ್ನು ಹುಟ್ಟಿಸುವ ವಸ್ತುವನ್ನೂ ಆ ಕಿಡಿಯ ಸದ್ದಿನಿಂದ ನರಳುವ ವಸ್ತುವನ್ನೂ ಒಂದೇ ಮನೆತನ ಮಾಡುತ್ತಿದ್ದುದರಿಂದ, ಒಂದರ ಕೊರತೆ ಇನ್ನೊಂದಕ್ಕೆ ಬೇಗನೆ ತಿಳಿಯುವಂತಿತ್ತು. ನಮ್ಮ ಸೀಮೆಯಲ್ಲಿ ಆಗ ಕಾರೂ ವಿರಳ, ಕಾರಿನಲ್ಲಿ ರೇಡಿಯೋ ಮತ್ತೂ ವಿರಳ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ್ದರಾದರೂ, ರೇಡಿಯೋ ಬಹುಕಾಲ ನಮ್ಮಲ್ಲಿ ಹಜಾರದ ಗೂಡಿನಲ್ಲಿ ಕೂತು ನುಡಿಯುವ ಗೃಹದೇವತೆಯಾಗಿತ್ತೇ ವಿನಾ ಬೀದಿಯಲ್ಲಿ ಸಂಚರಿಸುವ ಉತ್ಸವಮೂರ್ತಿಯಾಗಲಿಲ್ಲ. ಅದನ್ನು ಇಟ್ಟುಕೊಳ್ಳುವುದಕ್ಕೆ ಅಂಚೆಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲವದು.

ಅಮೆರಿಕದಲ್ಲಿ 1950ರ ದಶಕದ ನಡುವಿಗೆ ಎರಡು ಮಾರ್ಪಾಡುಗಳು ಹೆಚ್ಚುಕಡಿಮೆ ಒಟ್ಟಿಗೆ ಆದುವು. ಕಾರಿನ ವಿದ್ಯುದ್ವ್ಯವಸ್ಥೆ ಆರು ವೋಲ್ಟಿನಿಂದ ಹನ್ನೆರಡಕ್ಕೆ ಏರಿತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದ ಟ್ರಾನ್ಸಿಸ್ಟರು ಕಾರಿನೊಳಕ್ಕೆ ಬಂದಿತು. ಫಿಲ್ಕೋ ಸಂಸ್ಥೆ ಕ್ರೈಸ್ಲರ್ ಕಾರುಗಳಿಗಾಗಿ ಮಾಡಿದ, ಪೂರ್ಣವಾಗಿ ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ರೇಡಿಯೋ 1955ರಲ್ಲಿ ಪ್ರಕಟವಾಯಿತು. ಟ್ರಾನ್ಸಿಸ್ಟರಿಗೆ ಇನ್ನೂರು ವೋಲ್ಟು ಬೇಡ. ಹನ್ನೆರಡರಲ್ಲಿಯೇ ಅದು ತೃಪ್ತ. ವೈಬ್ರೇಟರಿನ ಝೇಂಕಾರ ನಿಂತಿತು, ಡಬ್ಬಿಯೂ ಟ್ರಾನ್ಸ್‌ಫಾರ್ಮರೂ ಗುಜರಿಗೆ ಹೋದುವು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಮೊದಲು ವಾಲ್ವುಗಳನ್ನು, ತರುವಾಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸಿ ದೇಶದ ರೇಡಿಯೋ ಉದ್ಯಮಕ್ಕೆ ಒದಗಿಸಿತು. ಈ ಹೊಸ ಜೀವಕ್ಕೆ ಒಂದು ದೌರ್ಬಲ್ಯವಿತ್ತು: ಧನಧ್ರುವ ಋಣಧ್ರುವಗಳನ್ನು ಅದಲುಬದಲು ಮಾಡಿದರೆ ಅದು ಕ್ಷಣಮಾತ್ರದಲ್ಲಿ ಸಾಯುತ್ತಿತ್ತು. ಬ್ರಿಟಿಷ್ ಕಾರುಗಳಲ್ಲಿ ಅನೇಕವು 1960ರ ದಶಕದವರೆಗೂ ಧನಧ್ರುವವನ್ನೇ ಚಾಸಿಗೆ ಕಟ್ಟುತ್ತಿದ್ದುದರಿಂದ, ತಂತಿಗೆ ಕೈಹಾಕುವ ಮೊದಲು ಬ್ಯಾಟರಿಯ ಯಾವ ಕೊನೆ ಚಾಸಿಗೆ ಸೇರಿದೆಯೆಂದು ನೋಡಿಕೊಳ್ಳುವುದೂ, ಕೆಲಸಕ್ಕೆ ಮುಂಚೆ ಬ್ಯಾಟರಿಯನ್ನು ಬಿಡಿಸುವುದೂ ಈ ಕಸುಬಿನ ಮೊದಲ ಪಾಠವಾಯಿತು.

ಇಷ್ಟಾಗಿ ಹೋರಾಟ ಮುಗಿಯಿತೆಂದು ಕೆಲವು ಕಾಲ ಎಲ್ಲರೂ ಭಾವಿಸಿದ್ದರು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ತೋರಿಸಿದ ಕ್ಯಾಸೆಟ್ಟೂ, ಅದೇ ವಿಲಿಯಂ ಲಿಯರನು ರೂಪಿಸಿ ಫೋರ್ಡ್ ಕಂಪನಿ 1966ರ ಕಾರುಗಳಲ್ಲಿ ಒದಗಿಸಿದ ಎಂಟು ಪಥಗಳ ಟೇಪೂ ಪ್ರಯಾಣಿಕನಿಗೆ ತನಗೆ ಬೇಕಾದ ಹಾಡನ್ನು ಬೇಕಾದಾಗ ಕೇಳುವ ಸ್ವಾತಂತ್ರ್ಯವನ್ನು ತಂದುಕೊಟ್ಟುವು. ಆದರೆ ಸಂಗೀತ ಉತ್ತಮವಾದಷ್ಟೂ ಅದರಲ್ಲಿ ಏನು ಕಾಣೆಯಾಗಿದೆಯೆಂಬುದು ಕಿವಿಗೆ ಸ್ಪಷ್ಟವಾಗತೊಡಗಿತು. ಕಛೇರಿಯ ಧ್ವನಿಮುದ್ರಣವೊಂದನ್ನು ಅಂದಿನ ಕಾರಿನ ಟೇಪಿನಲ್ಲಿ ಹಾಕಿದರೆ ಪಿಟೀಲು ಕೇಳುತ್ತಿತ್ತು, ಮೃದಂಗದ ಬಲಮುಖದ ಚಾಪು ಕೇಳುತ್ತಿತ್ತು; ಎಡಮುಖದ ತೊಪ್ಪಿಯ ಮೇಲೆ ಅಂಗೈ ಜಾರಿಸಿ ಹೊರಡಿಸುವ ಗುಮಕಿ ಮಾತ್ರ ಎಲ್ಲಿಯೋ ಕರಗಿಹೋಗುತ್ತಿತ್ತು. ಮಂದ್ರದ ಸ್ವರಗಳಿಗೆ ನಮ್ಮ ಕಿವಿ ಸ್ವಭಾವತಃ ಮಂದ. ಅವು ಇತರ ಸ್ವರಗಳಷ್ಟೇ ಗಟ್ಟಿಯಾಗಿ ಕೇಳಬೇಕಾದರೆ ಅವಕ್ಕೆ ಹೆಚ್ಚು ಬಲ ಬೇಕೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದರು. ಇದರ ಮೇಲೆ, ಚಕ್ರವೂ ರಸ್ತೆಯೂ ಉಜ್ಜಿ ಎಬ್ಬಿಸುವ ಗುಡುಗು ಕೂಡ ಮಂದ್ರದಲ್ಲಿಯೇ ಇರುವುದರಿಂದ ಸಂಗೀತದ ಮಂದ್ರವನ್ನು ಅದು ನುಂಗಿಬಿಡುತ್ತದೆ.

ಹಾಗಾದರೆ ಬಲವನ್ನು ಹೆಚ್ಚಿಸಬಾರದೇಕೆ? ಬ್ಯಾಟರಿ ಬಿಡುವುದಿಲ್ಲ. ಎಂಜಿನ್ನು ನಡೆಯುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 13.8 ವೋಲ್ಟು, ಸ್ಪೀಕರಿನ ತೆರೆ ಹಿಂದಕ್ಕೂ ಮುಂದಕ್ಕೂ ತುಯ್ಯಬೇಕಾದ್ದರಿಂದ ಒಂದು ದಿಕ್ಕಿಗೆ ಅದರ ಅರ್ಧವೇ ಲಭ್ಯ. ನಾಲ್ಕು ಓಮಿನ ಸ್ಪೀಕರಿಗೆ ಇಷ್ಟರಿಂದ ದೊರೆಯುವುದು ಆರು ವಾಟಿಗಿಂತ ತುಸು ಕಡಮೆ. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ಸೇತುವೆ ಕಟ್ಟಿ ದುಡಿಸಿದರೆ ಇಪ್ಪತ್ತನಾಲ್ಕು ವಾಟಿನ ಹತ್ತಿರಕ್ಕೆ ಬರಬಹುದು. ಅದರಾಚೆಗೆ ಯಾವ ಜಾಣ್ಮೆಯೂ ಸಾಗದು. ಹಿಂದೆ ವಾಲ್ವಿಗೆ ಅಡ್ಡನಿಂತಿದ್ದ ಗೋಡೆಯೇ ಈಗ ಟ್ರಾನ್ಸಿಸ್ಟರಿಗೂ ಅಡ್ಡನಿಂತಿತು.

ಆ ಗೋಡೆಯನ್ನು ದಾಟಿದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದವನು ಅರಿಝೋನಾ ಪ್ರಾಂತ್ಯದ ಜಿಮ್ ಫಾಸ್ಗೇಟ್. 1973ರಲ್ಲಿ ಆತನು ಕಾರಿಗೆಂದೇ ಮಾಡಿದ ಬಲಶಾಲಿಯಾದ ಆಂಪ್ಲಿಫೈಯರು ಈ ಕಸುಬಿನ ಎರಡನೆಯ ಯುಗವನ್ನು ತೆರೆಯಿತು. ಡ್ಯಾಶ್‌ಬೋರ್ಡಿನ ರೇಡಿಯೋದಿಂದ ಬೇರೆಯಾಗಿ, ಆಸನದ ಕೆಳಗೋ ಡಿಕ್ಕಿಯಲ್ಲೋ ಕುಳಿತು, ಬ್ಯಾಟರಿಯಿಂದ ನೇರವಾಗಿ ಕರೆಂಟನ್ನು ಎಳೆದುಕೊಳ್ಳುವ ಈ ಜಾತಿಯ ಪೆಟ್ಟಿಗೆಗಳ ಒಳಗೆ ಇಣುಕಿದರೆ, ಒಂದು ಕೊನೆಯಲ್ಲಿ ಬಳೆಯಾಕಾರದ ಕಾಂತಗರ್ಭದ ಮೇಲೆ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಿದ ಟ್ರಾನ್ಸ್‌ಫಾರ್ಮರು ಕಾಣುತ್ತದೆ. ಅದರ ಪಕ್ಕದಲ್ಲಿ ಸಾಲಾಗಿ ನಿಂತ ಟ್ರಾನ್ಸಿಸ್ಟರುಗಳು ಬ್ಯಾಟರಿಯ ನೇರ ಪ್ರವಾಹವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ ಅದಕ್ಕೆ ಉಣಿಸುತ್ತವೆ. ಆಚೆಯಿಂದ ಧನವಾಗಿ ಮೂವತ್ತೈದು, ಋಣವಾಗಿ ಮೂವತ್ತೈದು ವೋಲ್ಟುಗಳು ಹೊರಡುತ್ತವೆ. ಅಷ್ಟು ವೋಲ್ಟಿಗೆ ಅದೇ ನಾಲ್ಕು ಓಮಿನ ಸ್ಪೀಕರಿನಲ್ಲಿ ನೂರೈವತ್ತು ವಾಟಿನ ಬಲ ಸಾಧ್ಯ. 1930ರ ದಶಕದ ಉಕ್ಕಿನ ನಾಲಿಗೆ ಮಾಡುತ್ತಿದ್ದ ಕೆಲಸವೇ ಇದು. ತತ್ತ್ವ ಅದೇ, ಅಂಗಗಳು ಬೇರೆ; ಕಿವಿಗೆ ಕೇಳುತ್ತಿದ್ದ ಝೇಂಕಾರ ಈಗ ಮನುಷ್ಯನ ಶ್ರವಣಶಕ್ತಿಯನ್ನು ಮೀರಿದ ಎತ್ತರಕ್ಕೆ ಏರಿ ಮೌನವಾಗಿದೆ. ಎಂಜಿನಿಯರುಗಳು ಗುಜರಿಗೆ ಎಸೆದಿದ್ದ ಉಪಾಯವನ್ನು ಮತ್ತೆ ಕೈಗೆತ್ತಿಕೊಂಡು ತಲೆಮಾರೊಂದರ ತರುವಾಯ ಅದಕ್ಕೆ ಹೊಸ ಜೀವ ಕೊಟ್ಟವರ ಪ್ರತಿಭೆಗೆ ನಾನು ತಲೆಬಾಗುತ್ತೇನೆ.

ಬಲ ಬಂದಿತು, ಆ ಬಲವನ್ನು ಮಂದ್ರವನ್ನಾಗಿ ಪರಿವರ್ತಿಸುವ ಸ್ಪೀಕರೂ ಪೆಟ್ಟಿಗೆಯೂ ಬೇಕಲ್ಲವೆ? ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು, ಅದರಲ್ಲಿ ಗಾಳಿಯ ಕಿಂಡಿ ಎಷ್ಟು ಅಗಲ ಎಷ್ಟು ಉದ್ದ ಇರಬೇಕು ಎಂಬುದನ್ನು ಬಡಗಿಯ ಅಂದಾಜಿನಿಂದ ಬಿಡಿಸಿ ಲೆಕ್ಕಕ್ಕೆ ತಂದವನು ಆಸ್ಟ್ರೇಲಿಯದ ನೆವಿಲ್ ಥೀಲ್. 1961ರಲ್ಲಿ ಆ ದೇಶದ ಪತ್ರಿಕೆಯಲ್ಲಿ ಪ್ರಕಟವಾದ ಆತನ ಪ್ರಬಂಧ ಹೊರಗಿನವರ ಗಮನವನ್ನು ಅಷ್ಟಾಗಿ ಸೆಳೆಯಲಿಲ್ಲ. ಹತ್ತು ವರ್ಷಗಳ ಬಳಿಕ ಅಮೆರಿಕದಲ್ಲಿ ಅದು ಮರುಮುದ್ರಣಗೊಂಡು, ರಿಚರ್ಡ್ ಸ್ಮಾಲ್ ಎಂಬಾತನು ಅದನ್ನು ವಿಸ್ತರಿಸಿ ಬರೆದ ಮೇಲೆಯೇ ಲೋಕಕ್ಕೆ ಅದರ ಬೆಲೆ ತಿಳಿದುದು. ಇಂದು ಸಬ್‌ವೂಫರಿನ ಜೊತೆಗೆ ಬರುವ ಕಾಗದದಲ್ಲಿ, ಇಷ್ಟು ಲೀಟರಿನ ಮುಚ್ಚಿದ ಪೆಟ್ಟಿಗೆ, ಇಷ್ಟು ಲೀಟರಿನ ಕಿಂಡಿಯ ಪೆಟ್ಟಿಗೆ ಎಂದು ಅಚ್ಚಾಗಿರುವ ಅಂಕಿಗಳೆಲ್ಲವೂ ಈ ಇಬ್ಬರ ಋಣ. ಕಾರಿನ ಒಳಾವರಣ ಕೂಡ ಮಂದ್ರಕ್ಕೆ ಸಹಾಯಕವಾಯಿತು. ನಲವತ್ತು ಹರ್ಟ್ಸಿನ ಸ್ವರದ ಅಲೆಯ ಉದ್ದ ಎಂಟೂವರೆ ಮೀಟರಿಗೂ ಮಿಕ್ಕುದು. ಕಾರಿನ ಒಳಗಾದರೋ ಎರಡು ಮೂರು ಮೀಟರು. ಅಷ್ಟು ಕಿರಿದಾದ ಮುಚ್ಚಿದ ಅವಕಾಶದಲ್ಲಿ ಅಲೆಯು ಅಲೆಯಾಗಿ ಹರಿಯಲು ಎಡೆಯಿಲ್ಲದೆ ಇಡೀ ಗಾಳಿಯನ್ನೇ ಒತ್ತಿ ಬಿಡುವ ಒತ್ತಡವಾಗುತ್ತದೆ. ಸ್ವರ ಕೆಳಗಿಳಿದಷ್ಟೂ ಈ ಲಾಭ ಹೆಚ್ಚು. ಮನೆಯ ದೊಡ್ಡ ಹಜಾರದಲ್ಲಿ ಸೊರಗುವ ಸ್ಪೀಕರು ಕಾರಿನಲ್ಲಿ ಎದೆಯನ್ನು ತಟ್ಟುವುದು ಇದರಿಂದಲೇ.

ಆ ಎದೆತಟ್ಟುವಿಕೆಯೇ ಮುಂದೆ ಒಂದು ವ್ಯಸನವಾಯಿತೆಂಬುದನ್ನೂ ಹೇಳದೆ ವಿಧಿಯಿಲ್ಲ. 1980ರ ದಶಕದ ಅಮೆರಿಕದಲ್ಲಿ, ಅದರಲ್ಲಿಯೂ ಮಯಾಮಿ ನಗರದ ಬೀದಿಗಳಲ್ಲಿ, ಯಂತ್ರದ ಡೋಲಿನ ಮಂದ್ರವನ್ನೇ ಪ್ರಧಾನವಾಗಿಸಿಕೊಂಡ ಹಾಡುಗಳು ಹುಟ್ಟಿ, ಅವನ್ನು ಕೇಳಿಸುವುದಕ್ಕೆಂದೇ ಕಾರುಗಳನ್ನು ಸಜ್ಜುಗೊಳಿಸುವ ಪಂಥ ಬೆಳೆಯಿತು. ಯಾರ ಕಾರಿನಲ್ಲಿ ಡೆಸಿಬಲ್ ಹೆಚ್ಚು ಎಂದು ಯಂತ್ರವಿಟ್ಟು ಅಳೆಯುವ ಪಂದ್ಯಗಳು ನಡೆದುವು. ಆ ಪಂದ್ಯಗಳಿಂದ ತಂತಿ, ಫ್ಯೂಸು, ಆಂಪ್ಲಿಫೈಯರುಗಳ ವಿದ್ಯೆ ಸುಧಾರಿಸಿತೆಂಬುದು ಸತ್ಯ. ಆದರೆ ಸಂಗೀತಕ್ಕಾಗಿ ಹುಟ್ಟಿದ ಉಪಕರಣವು ಸಂಗೀತವನ್ನೇ ಹೊರದೂಡಿ ಬರಿಯ ಅದುರುವಿಕೆಯಾಗಿ ಉಳಿಯುವುದನ್ನು ನಾನು ಪ್ರಗತಿಯೆಂದು ಒಪ್ಪಲಾರೆ. ಮಧ್ಯರಾತ್ರಿ ಆಸ್ಪತ್ರೆಯ ಮುಂದೆ ಕಿಟಕಿಗಳನ್ನು ನಡುಗಿಸುತ್ತ ಹೋಗುವವನಿಗೆ ನಾದದ ಮೇಲೆ ಪ್ರೀತಿಯಿದೆಯೆಂದು ನಂಬಲಾರೆ. ಒಳ್ಳೆಯ ಜೋಡಣೆಯಲ್ಲಿ ಸಬ್‌ವೂಫರು ಎಲ್ಲಿದೆಯೆಂಬುದೇ ತಿಳಿಯಬಾರದು. ಎಂಬತ್ತು ಹರ್ಟ್ಸಿನ ಕೆಳಗಣ ಸ್ವರಗಳನ್ನು ಮಾತ್ರ ಅದಕ್ಕೆ ಬಿಟ್ಟು, ಗೇನಿನ ತಿರುಪನ್ನು ತಾಳ್ಮೆಯಿಂದ ಹೊಂದಿಸಿದರೆ, ಮೃದಂಗದ ಎರಡು ಮುಖಗಳೂ ಒಂದೇ ವಾದ್ಯದವೆಂದು ಕಿವಿ ಒಪ್ಪುತ್ತದೆ.

ಇನ್ನು ಹಿರಿಯ ಕೆಲಸಗಾರನ ನಿಯಮಗಳಿಗೆ ಬರೋಣ. ನೀಲಿ ತಂತಿಯ ಕಥೆ ಚಿಕ್ಕದು. ರೇಡಿಯೋ ಚಾಲೂ ಆದೊಡನೆ ಹೊರಗಿನ ಏರಿಯಲ್ಲು ತಾನಾಗಿ ಮೇಲೇರುವಂತೆ ಮಾಡಲು ಅದರ ಮೋಟಾರಿಗೆ ಹನ್ನೆರಡು ವೋಲ್ಟನ್ನು ಕಳುಹಿಸುತ್ತಿದ್ದುದು ಆ ತಂತಿ. ಡಿಕ್ಕಿಯಲ್ಲಿ ಕುಳಿತ ಆಂಪ್ಲಿಫೈಯರನ್ನು ಎಚ್ಚರಿಸುವುದಕ್ಕೂ ಮಲಗಿಸುವುದಕ್ಕೂ ಅದೇ ಸಂಕೇತ ಒದಗಿಬಂದಿತು. ಮೇಲೇರುವ ಏರಿಯಲ್ಲುಗಳು ಮರೆಯಾಗಿ ಎಷ್ಟೋ ಕಾಲವಾದರೂ ಬಿಳಿಯ ಗೆರೆಯ ನೀಲಿ ತಂತಿ ಉಳಿದುಕೊಂಡಿದೆ.

ದಪ್ಪ ತಂತಿಯದು ಲೆಕ್ಕದ ವಿಷಯ. ಐನೂರು ವಾಟು ಬಲವನ್ನು ಕೊಡುವ ಹಳೆಯ ಮಾದರಿಯ ಆಂಪ್ಲಿಫೈಯರು ಪೂರ್ಣವಾಗಿ ದುಡಿಯುವಾಗ ತಾನು ಎಳೆದುಕೊಂಡುದರ ಅರ್ಧವನ್ನು ಶಾಖವಾಗಿ ಕಳೆಯುವುದರಿಂದ ಬ್ಯಾಟರಿಯಿಂದ ಎಪ್ಪತ್ತು ಆಂಪಿಯರಿಗೂ ಹೆಚ್ಚು ಬೇಡುತ್ತದೆ. ಇಂದಿನ ಡಿ ವರ್ಗದ ಆಂಪ್ಲಿಫೈಯರು ನಲವತ್ತೈದರಲ್ಲಿ ಸುಧಾರಿಸಿಕೊಳ್ಳುತ್ತದೆ. ಎಂಟು ಗೇಜಿನ ತಾಮ್ರದ ತಂತಿ ಐದು ಮೀಟರು ಉದ್ದ ಹರಿದು ಬಂದರೆ ಆ ನಲವತ್ತೈದು ಆಂಪಿಯರಿಗೆ ದಾರಿಯಲ್ಲಿಯೇ ಅರ್ಧ ವೋಲ್ಟಿನಷ್ಟು ಸೋರಿಹೋಗುತ್ತದೆ. ಅದಕ್ಕಿಂತ ದಪ್ಪನಾದ ನಾಲ್ಕು ಗೇಜಿನದಾದರೆ ನಷ್ಟ ಅದರ ಅರ್ಧಕ್ಕಿಂತಲೂ ಕಡಮೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟು ಮಾರುವ ತಂತಿ ನೋಟಕ್ಕೆ ಅಷ್ಟೇ ದಪ್ಪವಿದ್ದರೂ ರೋಧ ಹೆಚ್ಚು. ಆದಕಾರಣ ಬಲ್ಲವನು ಕೊಳ್ಳುವ ಮುನ್ನ ತುದಿಯನ್ನು ಚಾಕುವಿನಿಂದ ಕೆರೆದು ಒಳಗಿನ ಬಣ್ಣವನ್ನು ನೋಡುತ್ತಾನೆ. ಈ ತಂತಿ ಎಂಜಿನ್ನಿನ ಕೋಣೆಯಿಂದ ಒಳಕ್ಕೆ ಬರುವ ಉಕ್ಕಿನ ಗೋಡೆಯ ರಂಧ್ರಕ್ಕೆ ರಬ್ಬರಿನ ಬಳೆ ತೊಡಿಸದಿದ್ದರೆ, ಕಾರು ಅದುರಿದಾಗಲೆಲ್ಲ ತಗಡಿನ ಅಂಚು ಮೇಲ್ಹೊದಿಕೆಯನ್ನು ಒಂದಿಷ್ಟೊಂದಿಷ್ಟಾಗಿ ಕೊಯ್ದು, ಒಂದು ದಿನ ಬ್ಯಾಟರಿಯ ಪೂರ್ಣ ಶಕ್ತಿ ನೇರವಾಗಿ ಚಾಸಿಗೆ ಹರಿಯುತ್ತದೆ. ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕೆಂಬ ಕಟ್ಟಳೆ ಅದಕ್ಕಾಗಿಯೇ. ಅದು ಕಾಯುವುದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು, ತನ್ಮೂಲಕ ಕಾರಿನಲ್ಲಿ ಕುಳಿತವರನ್ನು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಅರ್ತಿಂಗು. ಹಿಂದಿನ ಆಸನದ ಕೆಳಗೆ, ನೆಲದ ತಗಡಿನ ಗಟ್ಟಿಯಾದ ಭಾಗವೊಂದನ್ನು ಆರಿಸಿ, ಕೆಲಸಗಾರನು ಮೊಣಕಾಲೂರಿ ಕುಳಿತು, ಮರಳುಕಾಗದದಿಂದ ಮೊದಲು ಮೇಲಿನ ಬಣ್ಣವನ್ನು, ಅದರಡಿಯ ಬೂದುಬಣ್ಣದ ಲೇಪವನ್ನು, ಕಡೆಗೆ ತುಕ್ಕಿನ ಕಲೆಯೊಂದೂ ಉಳಿಯದಂತೆ ಉಕ್ಕನ್ನು ನಾಣ್ಯದಗಲ ಬೆಳ್ಳಗೆ ಮಾಡುತ್ತಾನೆ; ಹಲ್ಲಿನ ವಾಷರು ತೊಡಿಸಿ ಬೋಲ್ಟನ್ನು ಬಿಗಿಯುತ್ತಾನೆ; ಗಾಳಿಯಾಡದಂತೆ ಮೇಲೆ ಗ್ರೀಸನ್ನೋ ಬಣ್ಣವನ್ನೋ ಹಚ್ಚುತ್ತಾನೆ. ಈ ಶ್ರದ್ಧೆ ಅತಿಯೆಂದು ತೋರಬಹುದು. ಆದರೆ ನಲವತ್ತೈದು ಆಂಪಿಯರು ಹಿಂದಿರುಗುವ ಹಾದಿಯಲ್ಲಿ ಓಮಿನ ನೂರರಲ್ಲೊಂದಂಶದಷ್ಟು ತಡೆಯಿದ್ದರೂ ಅರ್ಧ ವೋಲ್ಟಿನ ಅಂತರ ಏರ್ಪಟ್ಟು, ಡ್ಯಾಶ್‌ಬೋರ್ಡಿನ ಭೂಮಿ ಬೇರೆ ಡಿಕ್ಕಿಯ ಭೂಮಿ ಬೇರೆ ಎಂಬಂತಾಗುತ್ತದೆ. ಆಗ ಆಲ್ಟರ್ನೇಟರಿನ ಅಲುಗಾಟವು ಸಂಗೀತದ ತಂತಿಯ ಹೊರಕವಚವನ್ನೇ ದಾರಿಯನ್ನಾಗಿ ಮಾಡಿಕೊಂಡು ಹರಿದು, ವೇಗ ಹೆಚ್ಚಿದಂತೆ ಶ್ರುತಿಯೂ ಏರುವ ಕುಂಯ್ ಎಂಬ ಸದ್ದಾಗಿ ಕೇಳುತ್ತದೆ. ಡೈನಮೋವನ್ನು ತೆಗೆದು ಆಲ್ಟರ್ನೇಟರನ್ನು ಕಾರಿಗೆ ತರುವ ಕಾರ್ಯದಲ್ಲಿ ಮೋಟರೋಲಾ ಸಂಸ್ಥೆಯಲ್ಲಿ ಮುಂದಾಳಾದವನು, 1930ರಲ್ಲಿ ಗ್ಯಾಲ್ವಿನ್ನನಿಗೆ ನೆರವಾಗಿದ್ದ ಎಲ್ಮರ್ ವೇವರಿಂಗನೇ ಎಂಬುದು ನೆನಪಿಡತಕ್ಕ ಸಂಗತಿ: ಕಾರಿಗೆ ನಾದವನ್ನು ತಂದವರಲ್ಲೊಬ್ಬನೇ ಆ ನಾದದ ಹೊಸ ವೈರಿಯನ್ನೂ, ಅದಕ್ಕೆ ಬೇಕಾದ ಹೊಸ ಕರೆಂಟನ್ನೂ ಒಟ್ಟಿಗೆ ತಂದನು.

ನಮ್ಮಲ್ಲಿ ಈ ಕಸುಬು ಬೇರೂರಿದುದು ಧ್ವನಿಸುರುಳಿಯ ದಿನಗಳಲ್ಲಿ. ನಿಸಾರ್ ಅಹಮದರ ಗೀತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದಿತು. 1983ರ ಡಿಸೆಂಬರಿನಲ್ಲಿ ಮಾರುತಿ ಕಾರು ರಸ್ತೆಗಿಳಿದು ಮಧ್ಯಮ ವರ್ಗದವರಿಗೂ ಕಾರು ಎಟುಕುವಂತಾಯಿತು. ಕಾರ್ಖಾನೆಯಿಂದ ಬರುವಾಗ ಕಾರಿನಲ್ಲಿ ಹಾಡಿಗೆ ಏರ್ಪಾಡಿಲ್ಲದಿದ್ದುದೇ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳಿಗೆ ಅನ್ನವಾಯಿತು. ಹಿಂದಿನ ಗಾಜಿನಡಿಯ ಹಲಗೆಯನ್ನು ಕೊಯ್ದು ಆರಕ್ಕೆ ಒಂಬತ್ತು ಅಂಗುಲದ ಅಂಡಾಕಾರದ ಸ್ಪೀಕರುಗಳನ್ನು ಜೋಡಿಯಾಗಿ ಕೂರಿಸುವುದು ಆ ಕಾಲದ ವೈಭವ. ಬೇಕಾದ ಬಿಡಿಭಾಗಗಳು ಸಮೀಪದ ಸಾದರ ಪತ್ರಪ್ಪ ರಸ್ತೆಯಲ್ಲಿ ದೊರೆಯುತ್ತಿದ್ದುವು. ತರುವಾಯ 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿಯೇ ಆರಂಭವಾಗಿ, ಸಂಚಾರದ ದಟ್ಟಣೆಯಲ್ಲಿ ನಿಂತ ಕಾರುಗಳಿಗೆ ದಿನವಿಡೀ ಹಾಡನ್ನು ಒದಗಿಸಿತು.

ಅದೇ 2001ರಲ್ಲಿ, ಅದೇ ಬೆಂಗಳೂರಿನಿಂದ, ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಕೂಡ ಹೊರಬಂದಿತು. ಅದರಲ್ಲಿ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಆಲ್ಟರ್ನೇಟರೂ ಇಲ್ಲ; ಬ್ಯಾಟರಿಯೋ ನಲವತ್ತೆಂಟು ವೋಲ್ಟಿನದು. ಈಗ ಬರುತ್ತಿರುವ ದೊಡ್ಡ ವಿದ್ಯುತ್ ಕಾರುಗಳಲ್ಲಿಯಂತೂ ಮುನ್ನೂರು ನಾನೂರು ವೋಲ್ಟು ಸಾಮಾನ್ಯ. ಗ್ಯಾಲ್ವಿನ್ನನು ಕಾಲಡಿಯ ಗುಂಡಿಯಲ್ಲಿ ಬ್ಯಾಟರಿ ಹೂಳಿ ಕಷ್ಟದಿಂದ ಪಡೆಯುತ್ತಿದ್ದುದಕ್ಕಿಂತ ಹೆಚ್ಚಿನ ವೋಲ್ಟೇಜು ಈಗ ಇಡೀ ನೆಲದಡಿ ಹಾಸಿಕೊಂಡು ಬಿದ್ದಿದೆ. ಆದರೂ ದೀಪ, ಹಾರನ್ನು, ಕಿಟಕಿಗಳ ಹಳೆಯ ವ್ಯವಸ್ಥೆಗಾಗಿ ಒಂದು ಪರಿವರ್ತಕ ಅದನ್ನು ಹನ್ನೆರಡಕ್ಕೆ ಇಳಿಸುತ್ತದೆ. ಡಿಕ್ಕಿಯ ಆಂಪ್ಲಿಫೈಯರು ಆ ಹನ್ನೆರಡನ್ನು ಮತ್ತೆ ಕತ್ತರಿಸಿ ಮೂವತ್ತೈದಕ್ಕೆ ಏರಿಸಿಕೊಳ್ಳುತ್ತದೆ. ಇಂತಹ ಕಾರು ಅಂಗಡಿಯ ಮುಂದೆ ಬಂದು ನಿಂತಾಗ ಜಾಗರೂಕನಾದ ಕೆಲಸಗಾರನು, ಕಿತ್ತಳೆ ಬಣ್ಣದ ಹೊದಿಕೆಯ ಹೈವೋಲ್ಟೇಜ್ ತಂತಿಗಳನ್ನು ಕೈಯಿಂದ ಮುಟ್ಟದೆ, ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಎಲ್ಲಿದೆಯೆಂದು ಮೊದಲು ಹುಡುಕುತ್ತಾನೆ. ಆ ಪರಿವರ್ತಕ ಎಷ್ಟು ಆಂಪಿಯರನ್ನು ತಾಳಬಲ್ಲದೆಂದು ಕೈಪಿಡಿಯಲ್ಲಿ ನೋಡಿ, ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಆರಿಸುತ್ತಾನೆ.